ಪಹಣಿಗಾಗಿ ಕಾದ ಹೊತ್ತು: ಗಡಿ ತಾಲ್ಲೂಕುಗಳಿಂದ ಕಂಡ ಚರಿತ್ರೆ

ರಾಯದುರ್ಗ, ಮಡಕಶಿರಗಳನ್ನು ಒಳಗೊಂಡ ಸೀಮೆಯನ್ನು 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ರೈತವಾರಿ ಪದ್ಧತಿಯನ್ನು, ಎಂದರೆ ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಏರ್ಪಾಟನ್ನು ನೆಲೆಗೊಳಿಸಿದನು. ಹೊಲಹೊಲಕ್ಕೂ ಲೆಕ್ಕ ಬೇಕಾಯಿತು. ಆ ಲೆಕ್ಕದ ಜೊತೆಗೆ ರೈತನ ಕಾಲವೂ ಕರಣಂ ಎಂಬ ಗ್ರಾಮಲೆಕ್ಕಿಗನ ಕೈ ಸೇರಿತು. ಯಾರ ಹೊಲ, ಎಷ್ಟು ವಿಸ್ತೀರ್ಣ, ಏನು ಬೆಳೆ ಎಂಬುದನ್ನು ಹೇಳುವ ದಾಖಲೆಗೆ ಮದರಾಸು ಆಡಳಿತದಲ್ಲಿ ಅಡಂಗಲ್ ಎಂದೂ ಮೈಸೂರಿನ ಕಡೆ ಪಹಣಿ ಎಂದೂ ಹೆಸರು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದಾಗ, ಈ ಎರಡು ಹೆಸರುಗಳು ರಾಜ್ಯಗಡಿಯ ಆಚೀಚೆ ಉಳಿದವು.

ಹೆಸರು ಯಾವುದಾದರೂ ಕಾಯುವ ಬಗೆ ಒಂದೇ ಆಗಿತ್ತು. ಸಾಲಕ್ಕೆ ಈ ದಾಖಲೆಯ ನಕಲು ಬೇಕಾದವನು ಗ್ರಾಮಲೆಕ್ಕಿಗನ ಜಗುಲಿಯ ಮೇಲೆ ಕುಳಿತಿರುತ್ತಿದ್ದನೇ ಹೊರತು, ಒಳಗೆ ತನ್ನ ಹೆಸರು ಸರಿಯಾಗಿ ಬರೆದಿದೆಯೇ, ತನ್ನ ಸರದಿ ಯಾವಾಗ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಹೊತ್ತು ಹೋದದ್ದಕ್ಕಿಂತ ಈ ಅರಿಯದಿರುವಿಕೆಯೇ ದೊಡ್ಡ ಅನ್ಯಾಯ.

ಗಡಿಯಾಚೆ ಕರ್ನಾಟಕದಲ್ಲಿ 2001-02ರ ವೇಳೆಗೆ 177 ತಾಲ್ಲೂಕುಗಳಿಗೆ ಹರಡಿದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಪಹಣಿ ಕೊಡತೊಡಗಿತು. ಅದರ ನಿಜವಾದ ಜಾಣ್ಮೆ ಇರುವುದು ಮೇಜಿನ ಮೇಲಿನ ಎರಡನೆಯ ಪರದೆಯಲ್ಲಿ. ನೌಕರನೆದುರಿನ ಪರದೆಯ ಜೊತೆಗೆ ರೈತನ ಕಡೆಗೂ ಒಂದು ಪರದೆಯನ್ನು ತಿರುಗಿಸಿಟ್ಟದ್ದರಿಂದ, ಕಾಗದ ಅಚ್ಚಾಗಿ ಬರುವ ಮೊದಲೇ ಅವನು ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗಳನ್ನು ತಾಳೆ ನೋಡಬಹುದಾಯಿತು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದುದನ್ನು ದಾಟಿ ನಂತರ ಬಂದುದನ್ನು ಎತ್ತಿಕೊಳ್ಳಲು ತಂತ್ರಾಂಶವೇ ಬಿಡುತ್ತಿರಲಿಲ್ಲ. ಸರದಿ ಮಾತಿನಿಂದ ಲೆಕ್ಕಕ್ಕೆ ಬಂದಿತು. ಗಣಕದ ಪರದೆಯಲ್ಲಿ ಕೆಲಸ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿಯಿದ್ದರೆ ಬಳಕೆದಾರರಿಗೆ ಹಿತವೆನಿಸುತ್ತದೆ ಎಂದು ಗಣಕವಿಜ್ಞಾನಿ ಬ್ರಾಡ್ ಮೈಯರ್ಸ್ 1985ರಲ್ಲಿ ತೋರಿಸಿಕೊಟ್ಟಿದ್ದರು. ಭೂಮಿಯ ಪರದೆ ಒಂದು ಹೆಜ್ಜೆ ಮುಂದೆ ಹೋಗಿ, ಕಾಯುವವನಿಗೆ ತಪ್ಪು ಹಿಡಿಯುವ ಕೆಲಸವನ್ನೇ ಕೊಟ್ಟಿತು.

ಆಂಧ್ರದಲ್ಲಿ ಪರಂಪರಾಗತ ಕರಣಂ ಹುದ್ದೆ 1984ರಲ್ಲಿ ರದ್ದಾಯಿತು, 2015ರಲ್ಲಿ ‘ಮೀ ಭೂಮಿ’ ಜಾಲತಾಣ ಬಂದು ಅಡಂಗಲ್ ಮನೆಯಲ್ಲೇ ಕಾಣುವಂತಾಯಿತು. ಅದರ ಭಾಷೆ ತೆಲುಗು ಮತ್ತು ಇಂಗ್ಲಿಷ್. ಮಡಕಶಿರ ಸೀಮೆಯ ಅಗಳಿ, ರೊಳ್ಳ, ಅಮರಾಪುರಗಳ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ರೈತ, ಕನ್ನಡದೊಡನೆ ಒಂದೇ ಮೂಲದಿಂದ ಕವಲೊಡೆದ ತೆಲುಗು ಲಿಪಿಯನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿಕೊಂಡು ತನ್ನ ತಂದೆಯ ಹೆಸರನ್ನು ಓದಿಕೊಳ್ಳಬೇಕಾಗುತ್ತದೆ.