ಅತಿವೇಗದ ತೂಕ ಇಳಿಕೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ವಿವಾಹ, ಪೊಲೀಸ್ ಅಥವಾ ಸೇನಾ ನೇಮಕಾತಿಯ ದೈಹಿಕ ಪರೀಕ್ಷೆ ಮುಂತಾದ ಸಂದರ್ಭಗಳು ಸಮೀಪಿಸಿದಾಗ ಕೆಲವರು ಆಹಾರವನ್ನು ಬಹುತೇಕ ತ್ಯಜಿಸಿ, ದಿನಕ್ಕೆ ಹಲವು ಗಂಟೆಗಳ ಕಾಲ ವ್ಯಾಯಾಮ ಮಾಡಿ ಕೆಲವೇ ದಿನಗಳಲ್ಲಿ ತೂಕ ಇಳಿಸಲು ಯತ್ನಿಸುತ್ತಾರೆ. ಈ ವಿಧಾನದಿಂದ ದೇಹದಲ್ಲಿ ಉಂಟಾಗುವ ಬದಲಾವಣೆಗಳು, ಅದರ ಅಪಾಯಗಳು ಹಾಗೂ ಸುರಕ್ಷಿತ ಕ್ರಮದ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಕೊಬ್ಬು ಕರಗುವ ಪ್ರಮಾಣ

ದೇಹದ ಒಂದು ಕಿ.ಗ್ರಾಂ. ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಸಂಗ್ರಹವಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿಪಡಿಸಿದಂತೆ, ಕುಳಿತು ಕೆಲಸ ಮಾಡುವ 65 ಕಿ.ಗ್ರಾಂ. ತೂಕದ ಪುರುಷನಿಗೆ ದಿನಕ್ಕೆ 2,110 ಹಾಗೂ 55 ಕಿ.ಗ್ರಾಂ. ತೂಕದ ಮಹಿಳೆಗೆ 1,660 ಕಿಲೋಕ್ಯಾಲೊರಿ ಅವಶ್ಯಕ. ಈ ಲೆಕ್ಕದಂತೆ ಅಂತಹ ಪುರುಷನು ಸಂಪೂರ್ಣ ಉಪವಾಸವಿದ್ದರೂ ದಿನವೊಂದಕ್ಕೆ ಕರಗುವ ಕೊಬ್ಬು 275 ಗ್ರಾಂ ಮೀರುವುದಿಲ್ಲ.

ವ್ಯಾಯಾಮಕ್ಕೂ ಮಿತಿಯಿದೆ. 80 ಕಿ.ಗ್ರಾಂ. ತೂಕದ ವ್ಯಕ್ತಿ ಒಂದು ಕಿ.ಮೀ. ಓಡಿದಾಗ ವ್ಯಯವಾಗುವುದು ಸುಮಾರು 80 ಕಿಲೋಕ್ಯಾಲೊರಿ. ಒಂದು ಕಿ.ಗ್ರಾಂ. ಕೊಬ್ಬು ಕರಗಲು ಅವರು ಸುಮಾರು 95 ಕಿ.ಮೀ. ಓಡಬೇಕಾಗುತ್ತದೆ. "10 ದಿನಗಳಲ್ಲಿ 10 ಕಿ.ಗ್ರಾಂ." ಎಂಬಂತಹ ಜಾಹೀರಾತಿನ ಭರವಸೆ ಈಡೇರಲು ಪ್ರತಿದಿನ 7,700 ಕಿಲೋಕ್ಯಾಲೊರಿ ಕೊರತೆಯಾಗಬೇಕು, ಇದು ಸಾಮಾನ್ಯ ಮನುಷ್ಯನಿಗೆ ಅಸಾಧ್ಯ.

2. ತೂಕದ ಯಂತ್ರದಲ್ಲಿ ಕಾಣುವ ಇಳಿಕೆ

ಮೊದಲ ವಾರದಲ್ಲಿ ಕಾಣುವ ಶೀಘ್ರ ಇಳಿಕೆಯ ಬಹುಭಾಗ ನೀರಾಗಿರುತ್ತದೆ. ಯಕೃತ್ತು ಹಾಗೂ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಖರ್ಚಾದಾಗ ಅದರೊಡನೆ ಇರುವ ನೀರೂ ಹೊರಹೋಗುತ್ತದೆ. ಎಂದಿನಂತೆ ಊಟ ಆರಂಭಿಸಿದ ಕೂಡಲೇ ಇದು ಮರಳುತ್ತದೆ. ಆಹಾರದ ಕೊರತೆ ತೀವ್ರವಾದಷ್ಟೂ ದೇಹವು ಸ್ನಾಯುಗಳನ್ನೂ ಕರಗಿಸಿ ಬಳಸಿಕೊಳ್ಳುತ್ತದೆ. ಆದ್ದರಿಂದ ಓಟದ ಪರೀಕ್ಷೆಗೆ ಸಿದ್ಧರಾಗುತ್ತಿರುವ ಅಭ್ಯರ್ಥಿಗಳು ಈ ವಿಧಾನ ಅನುಸರಿಸಿದಲ್ಲಿ, ಓಟಕ್ಕೆ ಅಗತ್ಯವಾದ ಬಲವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

3. ಅಧ್ಯಯನಗಳಿಂದ ತಿಳಿದುಬಂದ ಸಂಗತಿಗಳು

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 1944-45ರಲ್ಲಿ 36 ಆರೋಗ್ಯವಂತ ಯುವಕರ ಮೇಲೆ ಅಧ್ಯಯನ ನಡೆಯಿತು. ಅವರಿಗೆ 24 ವಾರಗಳ ಕಾಲ ದಿನಕ್ಕೆ ಸುಮಾರು 1,570 ಕಿಲೋಕ್ಯಾಲೊರಿ ಆಹಾರ ನೀಡಿ, ವಾರಕ್ಕೆ ಸುಮಾರು 35 ಕಿ.ಮೀ. ನಡೆಸಲಾಯಿತು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ನಿಶ್ಶಕ್ತಿ, ಚಳಿ, ಖಿನ್ನತೆ ಹಾಗೂ ಸದಾ ಆಹಾರದ ಕುರಿತ ಯೋಚನೆ ಅವರನ್ನು ಬಾಧಿಸಿದವು. ಚೇತರಿಕೆಯ ಅವಧಿಯಲ್ಲಿ ಹಲವರ ಹಸಿವು ಅತಿಯಾಗಿ, ಸ್ನಾಯುಗಳಿಗಿಂತ ಮೊದಲೇ ಕೊಬ್ಬು ಮರಳಿತು.

ತೂಕ ಇಳಿಸುವ ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರ 14 ಸ್ಪರ್ಧಿಗಳು ಕಠಿಣ ಪಥ್ಯ ಹಾಗೂ ದೀರ್ಘ ವ್ಯಾಯಾಮದಿಂದ 30 ವಾರಗಳಲ್ಲಿ ಸರಾಸರಿ 58 ಕಿ.ಗ್ರಾಂ. ಇಳಿಸಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆರು ವರ್ಷಗಳ ನಂತರ ಅದರಲ್ಲಿ ಸರಾಸರಿ 41 ಕಿ.ಗ್ರಾಂ. ಮರಳಿತ್ತು. ವಿಶ್ರಾಂತಿಯಲ್ಲಿ ಅವರ ದೇಹ ವ್ಯಯಿಸುವ ಶಕ್ತಿಯು ನಿರೀಕ್ಷಿತ ಮಟ್ಟಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಯಷ್ಟು ಕಡಿಮೆಯಿತ್ತು. ಇಳಿದ ತೂಕ ಮರಳುವುದಕ್ಕೆ ಮನೋಬಲದ ಕೊರತೆಯೇ ಕಾರಣವೆಂದು ಭಾವಿಸುವುದು ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ.

4. ಸಂಭವಿಸಬಹುದಾದ ಅಪಾಯಗಳು

ಅ) ಪೊಟ್ಯಾಸಿಯಂ ಮೊದಲಾದ ಲವಣಗಳ ಏರುಪೇರಿನಿಂದ ಹೃದಯ ಬಡಿತದಲ್ಲಿ ವ್ಯತ್ಯಾಸ.
ಆ) ಪಿತ್ತಕೋಶದಲ್ಲಿ ಕಲ್ಲು ಉಂಟಾಗುವಿಕೆ.
ಇ) ಮಹಿಳೆಯರಲ್ಲಿ ಮುಟ್ಟು ನಿಲ್ಲುವಿಕೆ ಹಾಗೂ ಮೂಳೆಗಳ ದುರ್ಬಲತೆ.
ಈ) ಅತಿಯಾದ ವ್ಯಾಯಾಮದಿಂದ ಸ್ನಾಯುಗಳು ಒಡೆದು ಮೂತ್ರಪಿಂಡಗಳಿಗೆ ಹಾನಿ. ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣ.
ಉ) ಇನ್ಸುಲಿನ್ ಅಥವಾ ಕೆಲವು ಮಧುಮೇಹದ ಮಾತ್ರೆ ಪಡೆಯುವವರಲ್ಲಿ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯುವಿಕೆ.
ಊ) ದೀರ್ಘ ಉಪವಾಸದ ನಂತರ ಒಮ್ಮೆಲೇ ಹೆಚ್ಚು ಆಹಾರ ಸೇವಿಸಿದಲ್ಲಿ ಲವಣಗಳ ಕುಸಿತದಿಂದ ಪ್ರಾಣಾಪಾಯ.

ದಿನಕ್ಕೆ 800 ಕಿಲೋಕ್ಯಾಲೊರಿಗಿಂತ ಕಡಿಮೆ ಆಹಾರದ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಕೈಗೊಳ್ಳಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು 18 ವರ್ಷದೊಳಗಿನವರು ಕಠಿಣ ಪಥ್ಯವನ್ನು ಸ್ವಯಂ ಆರಂಭಿಸತಕ್ಕದ್ದಲ್ಲ.

5. ಸುರಕ್ಷಿತ ಕ್ರಮ

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ವಾರಕ್ಕೆ ಅರ್ಧ ಕಿ.ಗ್ರಾಂ. ಇಳಿಕೆ ಸುರಕ್ಷಿತವಾಗಿದ್ದು, ತೂಕ ಇಳಿಸುವ ಆಹಾರವು ದಿನಕ್ಕೆ 1,000 ಕಿಲೋಕ್ಯಾಲೊರಿಗಿಂತ ಕಡಿಮೆ ಇರಬಾರದು. ಅರ್ಧ ಕಿ.ಗ್ರಾಂ. ಇಳಿಕೆಗೆ ದಿನಕ್ಕೆ ಸುಮಾರು 550 ಕಿಲೋಕ್ಯಾಲೊರಿ ಕೊರತೆ ಸಾಕು. ಅನ್ನ, ಮುದ್ದೆ, ರೊಟ್ಟಿಯ ಪ್ರಮಾಣ ತಗ್ಗಿಸಿ, ಸಿಹಿ ಮತ್ತು ಕರಿದ ತಿಂಡಿಗಳನ್ನು ಬಿಟ್ಟು, ಬೇಳೆ, ಮೊಳಕೆಕಾಳು, ಮೊಟ್ಟೆ, ಮಜ್ಜಿಗೆ, ಸೊಪ್ಪು, ತರಕಾರಿಗಳನ್ನು ಹೆಚ್ಚಿಸಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ ಹಾಗೂ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡುವುದು.

ನೇಮಕಾತಿ ಪರೀಕ್ಷೆಗೆ ಅರ್ಜಿ ಸಲ್ಲಿಸುವವರು 6 ಕಿ.ಗ್ರಾಂ. ಇಳಿಸಬೇಕಿದ್ದಲ್ಲಿ ಕನಿಷ್ಠ 12 ವಾರ ಮುಂಚಿತವಾಗಿ ಆರಂಭಿಸುವುದು ಸೂಕ್ತ.

6. ಸಲಹೆ ಮತ್ತು ತುರ್ತು ನೆರವು

ತೂಕ ಇಳಿಸಲು ಬಯಸುವವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ ಹಾಗೂ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳತಕ್ಕದ್ದು. ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ತಪ್ಪದೆ ತರುವುದು. ಎದೆನೋವು, ಪ್ರಜ್ಞೆ ತಪ್ಪುವಿಕೆ ಅಥವಾ ಹೃದಯ ಬಡಿತದಲ್ಲಿ ಏರುಪೇರು ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡುವುದು. ಊಟವೆಂದರೆ ಭಯ, ತಿಂದುದನ್ನು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇತ್ಯಾದಿ ಇರುವವರು ಅಥವಾ ಅವರ ಕುಟುಂಬದವರು ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಉಚಿತವಾಗಿ ಸಂಪರ್ಕಿಸಬಹುದು.