ಹಾಲೇರಿ ಅರಸುಮನೆತನದ ಮೂಲಪುರುಷ

ಕೊಡಗುನಾಡನ್ನು ಇನ್ನೂರು ವರ್ಷಗಳ ಕಾಲ ಆಳಿದ ಹಾಲೇರಿ ಮನೆತನದವರು ವೀರಶೈವ ಧರ್ಮಾವಲಂಬಿಗಳಾಗಿದ್ದರೆಂಬುದು ಸರ್ವವಿದಿತವಾದ ಸಂಗತಿಯು. ಮಡಿಕೇರಿಯ ಗದ್ದಿಗೆಗಳೇ ಇದಕ್ಕೆ ಸಾಕ್ಷಿಯಾಗಿ ನಿಂತಿವೆ. ಆದರೆ ಈ ವಂಶವನ್ನು ನೆಲೆಗೊಳಿಸಿದ ಪುರುಷನು ಯಾರು, ಯಾವ ಸೀಮೆಯಿಂದ ಬಂದವನು, ರಾಜಪುತ್ರನೋ ಅಥವಾ ಕೇವಲ ಚರಜಂಗಮನೋ ಎಂಬ ಪ್ರಶ್ನೆಗೆ ಶಿಲಾಶಾಸನದ ಆಧಾರದಿಂದ ಉತ್ತರ ಹೇಳಬಂದವರಿಲ್ಲ. ಇರುವುದು ಮನೆತನದ ಕಥೆ, ಪ್ರಜೆಗಳ ಕಥೆ, ಆಮೇಲೆ ಸರಕಾರದ ಖಾನೇಷುಮಾರಿ ಲೆಕ್ಕಗಳು.

ಪ್ರಜೆಗಳಲ್ಲಿ ನಡೆದುಬಂದ ಕಥೆಯು ಹೀಗಿದೆ. ಇಕ್ಕೇರಿಯ ಅರಸುಕುಲಕ್ಕೆ ಸೇರಿದವನೊಬ್ಬನು ಜಂಗಮ ವೇಷವನ್ನು ಧರಿಸಿ ಕೊಡಗಿಗೆ ಬಂದು, ಮಡಿಕೇರಿಗೆ ಸಮೀಪದ ಹಾಲೇರಿಯಲ್ಲಿ ನಿಂತನು. ಸುತ್ತಣ ಒಕ್ಕಲುಗಳು ಅವನನ್ನು ಭಕ್ತಿಯಿಂದ ಕಂಡು ಧಾನ್ಯವನ್ನು ಕಾಣಿಕೆಯಾಗಿ ಒಪ್ಪಿಸುತ್ತಿದ್ದರು. ಕೆಲವು ಕಾಲದ ಮೇಲೆ ಆ ಕಾಣಿಕೆಯು ತಪ್ಪದೆ ಸಲ್ಲಿಸಬೇಕಾದ ತೆರಿಗೆಯಾಯಿತು. ಸರದಿಯ ಮೇಲೆ ಅವನ ಮನೆಯನ್ನು ಕಾಯುವ ಕಟ್ಟಳೆಯೂ ಹುಟ್ಟಿತು. ಕಡೆಗೆ ನಾಡಿನ ನಾಯಕರು ಅಡಗಿಹೋಗಿ ಮಠದ ಅಂಗಳವೇ ಅರಮನೆಯ ಅಂಗಳವಾಯಿತು. ಮೋಗ್ಲಿಂಗ್ ಪಾದ್ರಿಯವರು 1855ರಲ್ಲಿಯೂ ರಿಕ್ಟರ್ ಅವರು 1870ರಲ್ಲಿಯೂ ಪ್ರಕಟಿಸಿದ ಕೊಡಗಿನ ಗ್ರಂಥಗಳ ಮೂಲಕ ಇಂತಹ ಐತಿಹ್ಯಗಳು ಅಚ್ಚನ್ನು ಕಂಡವು; 1878ರ ರೈಸ್ ಸಾಹೇಬರ ಗೆಜೆಟಿಯರು ಅವುಗಳಿಗೆ ಇನ್ನಷ್ಟು ಪ್ರಚಾರವನ್ನು ತಂದಿತು.

ಮನೆತನದವರು ತಾವೇ ಬರೆಯಿಸಿದ ಚರಿತ್ರೆಯೆಂದರೆ ‘ರಾಜೇಂದ್ರನಾಮೆ’. ದೊಡ್ಡ ವೀರರಾಜೇಂದ್ರನ ಅಪ್ಪಣೆಯಿಂದ ಕನ್ನಡದಲ್ಲಿ ರಚಿತವಾದ ಈ ಗ್ರಂಥವು 1633ರಿಂದ 1807ರವರೆಗಿನ ವೃತ್ತಾಂತವನ್ನು ಹೇಳುತ್ತದೆ. 1808ರಲ್ಲಿಯೇ ಅದು ಇಂಗ್ಲಿಷಿಗೂ ಪರಿವರ್ತಿತವಾಯಿತು. ಈ ಇಸವಿಗಳನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ರಾಜನಿಗೆ ಪಟ್ಟದ ರಾಣಿಯಲ್ಲಿ ಗಂಡುಸಂತಾನವಿರಲಿಲ್ಲ. ರಾಣಿ ಮಹಾದೇವಮ್ಮಾಜಿಯು 1807ರಲ್ಲಿ ಲಿಂಗೈಕ್ಯಳಾದಳು. ಮಗಳು ದೇವಮ್ಮಾಜಿಗೇ ಪಟ್ಟವಾಗಬೇಕೆಂಬ ಹಂಬಲದಿಂದ ರಾಜನು ಕುಂಪಣಿಯವರ ಅಭಯವನ್ನು ಬೇಡುತ್ತಿದ್ದನು. ಇಂತಹ ಸಂಕಟದ ನಡುವೆ ಬರೆಯಿಸಿದ ವಂಶಚರಿತ್ರೆಯು ನಿಷ್ಪಕ್ಷಪಾತವಾದ ಲೇಖನವೆಂದು ಭಾವಿಸುವುದು ಭೋಳೆತನವೇ ಸರಿ. ಹಾಗೆಂದು ಅದನ್ನು ತಳ್ಳಿಹಾಕುವುದೂ ಉಚಿತವಲ್ಲ. ಟಿಪ್ಪುವಿನ ಕಾಲದಲ್ಲಿ ಪಿರಿಯಾಪಟ್ಟಣದಲ್ಲಿ ಸೆರೆಯಾಗಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು ಈ ರಾಜನೇ. ಮನೆಯನ್ನೇ ಕಳೆದುಕೊಂಡಿದ್ದವನಿಗೆ ತನ್ನ ಹಿರಿಯರ ಹೆಸರುಗಳನ್ನು ಬರಹದಲ್ಲಿ ನಿಲ್ಲಿಸಬೇಕೆಂಬ ಆತುರವು ಸಹಜವಾದುದು.

ಕಾಲನಿರ್ದೇಶವುಳ್ಳ ಇತಿಹಾಸವು 1633ರಲ್ಲಿ ಮುದ್ದುರಾಜನಿಂದ ತೊಡಗುತ್ತದೆ. ರಾಜಧಾನಿಯನ್ನು 1681ರಲ್ಲಿ ಮಡಿಕೇರಿಗೆ ತಂದವನು ಅವನೇ. ಅವನ ಮಕ್ಕಳಲ್ಲಿ ದೊಡ್ಡವೀರಪ್ಪನು ಮಡಿಕೇರಿಯಲ್ಲಿ ನಿಂತನು, ಅಪ್ಪಾಜಿರಾಜನು ಹಾಲೇರಿಯಲ್ಲಿಯೂ ನಂದರಾಜನು ಹೊರಮಲೆಯಲ್ಲಿಯೂ ನೆಲೆಸಿದರು. ಮುದ್ದುರಾಜನಿಗೆ ಹಿಂದಿನವರಾಗಿ ವೀರರಾಜ, ಅಪ್ಪಾಜಿರಾಜ ಎಂಬ ಎರಡು ಹೆಸರುಗಳನ್ನು ಹೇಳುವುದುಂಟು. ಅಲ್ಲಿಂದ ಆಚೆಗೆ ಇರುವುದೆಲ್ಲ ಕಥೆಯ ಮಬ್ಬು.

ಇಕ್ಕೇರಿಯ ಸಂಬಂಧವನ್ನು ಎತ್ತಿಹಿಡಿಯುವವರು ಮುಖ್ಯವಾಗಿ ಮತದ ಐಕ್ಯವನ್ನು ಆಧಾರವಾಗಿ ತೋರಿಸುತ್ತಾರೆ. ಕೆಳದಿಯ ನಾಯಕರೂ ವೀರಶೈವರು, ಹಾಲೇರಿಯವರೂ ವೀರಶೈವರು ಎಂದು. ಈ ವಾದವು ನಿಲ್ಲಲಾರದು. ಹಾಲೇರಿಯವರಿಗಿಂತ ಮೊದಲೇ ಕೊಡಗಿನ ಮೂಡಣ ಭಾಗವನ್ನೂ ಪಿರಿಯಾಪಟ್ಟಣವನ್ನೂ ಆಳಿದ ಚಂಗಾಳ್ವರು, ಪೂರ್ವದಲ್ಲಿ ಜೈನರಾಗಿದ್ದು, ತರುವಾಯ ವೀರಶೈವರಾಗಿದ್ದರು. ಮೈಸೂರಿನ ಕಂಠೀರವ ನರಸರಾಜನು 1644ರ ಸುಮಾರಿಗೆ ಪಿರಿಯಾಪಟ್ಟಣವನ್ನು ಹಿಡಿದಾಗ ಆ ವಂಶದ ಆಳಿಕೆಯು ಮುಗಿಯಿತು. ಅಂದಮೇಲೆ ಲಿಂಗಧಾರಣೆಯು ಆ ನಾಡಿಗೆ ಹಾಲೇರಿಯ ಜಂಗಮನೊಡನೆಯೇ ಬಂದಿತೆಂದು ಹೇಳಲಾಗದು.

ಇನ್ನು ಖಾನೇಷುಮಾರಿ. ಕೊಡಗಿನ ಜನರ ಲೆಕ್ಕವು 1871ರಿಂದ ಮೊದಲಾಗಿ ಹತ್ತು ಹತ್ತು ವರ್ಷಗಳಿಗೊಮ್ಮೆ ದೊರೆಯುತ್ತದೆ. 1881ರಲ್ಲಿ 1,78,302, 1901ರಲ್ಲಿ 1,80,607 ಜನರು. ಆ ಕಾಲದ ವರದಿಗಳಲ್ಲಿ ಮತ, ಜಾತಿ, ಭಾಷೆ, ಜನ್ಮಸ್ಥಳಗಳ ಪಟ್ಟಿಗಳುಂಟು. ಆದರೆ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡ ಕಾಗದಗಳು ಮೊತ್ತವನ್ನು ಕೂಡಿಸಿದ ಮೇಲೆ ಉಳಿಯುವುದಿಲ್ಲ. ವಿಲಾಯತಿಯಲ್ಲಿ ಅಂತಹ ಕಾಗದಗಳನ್ನು ಕಾದಿಟ್ಟು ನೂರು ವರ್ಷಗಳ ಮೇಲೆ ತೆರೆಯುವ ವಾಡಿಕೆಯಿದೆ. ಅಲ್ಲಿ ಬಡವನೂ ತನ್ನ ಮುತ್ತಜ್ಜನ ಹೆಸರನ್ನೂ ಹುಟ್ಟಿದ ಊರನ್ನೂ ಕಾಣಬಲ್ಲನು. ನಮ್ಮಲ್ಲಿ ಅರಸನ ಮೂಲವನ್ನೂ ಅದರಿಂದ ಅರಿಯಲಾಗದು. ಇಷ್ಟಾದರೂ ಒಂದು ಸೂಚನೆಯು ದೊರೆಯದೆ ಇಲ್ಲ. ಕೊಡಗಿನ ಲಿಂಗವಂತರು ಬಹುಮಟ್ಟಿಗೆ ಉತ್ತರದ ಏಳುಸಾವಿರಸೀಮೆಯಲ್ಲಿ, ಅಂದರೆ ಕೊಡ್ಲಿಪೇಟೆ ಶನಿವಾರಸಂತೆಗಳ ಕಡೆಯಲ್ಲಿ, ಒತ್ತಾಗಿ ನೆಲೆಸಿರುವರು. ಮಲೆನಾಡಿನಿಂದ ಕೊಡಗಿಗೆ ಇಳಿಯುವವನಿಗೆ ಎದುರಾಗುವ ಸೀಮೆಯು ಅದು. ಜಂಗಮನು ಬಡಗಣ ದಿಕ್ಕಿನಿಂದ ಬಂದನೆಂಬ ಮಾತಿಗೆ ಇದು ಅನುಕೂಲವಾಗಿದೆಯೇ ಹೊರತು, ಅವನು ಇಕ್ಕೇರಿಯ ರಾಜಕುಮಾರನೆಂಬುದಕ್ಕೆ ಪ್ರಮಾಣವಲ್ಲ.

ಹಾಗಾದರೆ ಕಥೆಯ ಯಾವ ಭಾಗವನ್ನು ನಂಬಬೇಕು? ರಾಜವಂಶದ ಹುಟ್ಟು ಆಸ್ಥಾನಕ್ಕೆ ಗೌರವವನ್ನು ತರುವಂಥದು. ಆದುದರಿಂದ ಅದನ್ನು ಆಮೇಲೆ ಸೇರಿಸಿರುವ ಸಂಭವವು ಹೆಚ್ಚು. ಧಾನ್ಯದ ಕಾಣಿಕೆಯು ತೆರಿಗೆಯಾದ ಸಂಗತಿಯಾದರೋ ಅರಸರಿಗೆ ಅಷ್ಟೇನೂ ಕೀರ್ತಿಕರವಲ್ಲ. ಕಾಳನ್ನು ಕೊಟ್ಟವರ ಮಕ್ಕಳು ಅದನ್ನು ನೆನಪಿನಲ್ಲಿಟ್ಟಿರಬೇಕು. ಜಂಗಮ ವೇಷವು ಕೇವಲ ಮೋಸಕ್ಕಾಗಿ ಧರಿಸಿದುದೆಂದು ಕೆಲವರು ಬರೆಯುವರು. ಇದು ನಮ್ಮ ಸಮಾಜದ ಸ್ಥಿತಿಯನ್ನು ಅರಿಯದವರ ಮಾತು. ಊರಿಂದೂರಿಗೆ ಸಂಚರಿಸಿ ಭಕ್ತರ ಕಾಣಿಕೆಯನ್ನು ಸ್ವೀಕರಿಸಿ, ವ್ಯಾಜ್ಯಗಳನ್ನು ತೀರಿಸುತ್ತ, ಭಕ್ತರು ಹೆಚ್ಚಿದ ಕಡೆಯಲ್ಲಿ ಮಠವನ್ನು ಕಟ್ಟಿ ನಿಲ್ಲುವುದು ಜಂಗಮರಿಗೆ ಎಂದಿನಿಂದಲೂ ಬಂದ ನಡೆ. ನಿಜವಾದ ಜಂಗಮನೊಬ್ಬನು ಹಾಲೇರಿಯಲ್ಲಿ ನಿಂತು, ಅವನೋ ಅವನ ಸಂತತಿಯೋ ಕ್ರಮೇಣ ನಾಡೊಡೆಯರಾದರೆಂದು ತಿಳಿದರೆ ರಾಜಕುಮಾರನ ಕಲ್ಪನೆಯೇ ಬೇಕಾಗುವುದಿಲ್ಲ.

ಈ ಕಥೆಗೆ ಪ್ರಜೆಗಳ ಮನಸ್ಸಿನಲ್ಲಿ ಎಷ್ಟು ಬಲವಿದ್ದಿತೆಂಬುದು ರಾಜ್ಯವು ಹೋದ ಮೇಲೆ ಕಂಡುಬಂದಿತು. ಕುಂಪಣಿಯವರು 1834ರಲ್ಲಿ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಹೊರಗೆ ಕಳುಹಿಸಿದರು. ದಾಯಾದಿಗಳಲ್ಲಿ ಅನೇಕರು ಅದಕ್ಕೆ ಮೊದಲೇ ಅವನ ಕೈಯಲ್ಲಿಯೇ ಹತರಾಗಿದ್ದುದರಿಂದ, ವಂಶದ ಕಥೆಯನ್ನು ಬಲ್ಲವರೂ ವಿರಳರಾಗಿದ್ದರು. ಆ ಸಂಧಿಯಲ್ಲಿ ಅಪರಂಪಾರನೆಂಬವನೂ ಕಲ್ಯಾಣಸ್ವಾಮಿಯೆಂಬವನೂ ಹಾಲೇರಿಯ ಕುಲದವರೆಂದು ಹೇಳಿಕೊಂಡು ವಿರಕ್ತರ ವೇಷದಲ್ಲಿ ಕಾಣಿಸಿಕೊಂಡರು. 1837ರಲ್ಲಿ ಪುಟ್ಟಬಸಪ್ಪನೆಂಬವನನ್ನು ಕಲ್ಯಾಣಸ್ವಾಮಿಯೆಂದೇ ಮುಂದಿಟ್ಟುಕೊಂಡು ಅಮರ ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೂ ನಡೆದರು. ಅವನು ಯಾವ ತಾಯಿಯ ಮಗನೆಂದು ಜನರು ವಿಚಾರಿಸಲಿಲ್ಲ. ಜಂಗಮ ವೇಷದಲ್ಲಿ ಅರಸನು ಬರುವನೆಂಬುದನ್ನು ಅವರ ಹಿರಿಯರು ಮೊದಲೇ ಹೇಳಿದ್ದರು. ದಂಗೆಯು ಮುರಿದುಬಿದ್ದ ಮೇಲೆ ಕುಂಪಣಿಯವರು ಅವನನ್ನು ಮಂಗಳೂರಿನಲ್ಲಿ ಗಲ್ಲಿಗೆ ಹಾಕಿದರು.