ಕಾಣದ ಮೂರನೇ ನದಿ

ಭಾಗಮಂಡಲದ ಸಂಗಮದಲ್ಲಿ ನಿಂತರೆ ಕಣ್ಣಿಗೆ ಬೀಳೋದು ಎರಡೇ ನದಿ. ಒಂದು ಕಾವೇರಿ, ಇನ್ನೊಂದು ಕನ್ನಿಕೆ. ಮೂರನೆಯವಳು ಸುಜ್ಯೋತಿ, ನೆಲದಡಿಯಲ್ಲೇ ಹರಿದು ಬಂದು ಸೇರುತ್ತಾಳೆ ಅಂತ ನಂಬಿಕೆ. ವೀಕೆಂಡಿಗೆ ಬೆಂಗಳೂರಿನಿಂದ ಬರೋ ನಮ್ಮಂಥವರು ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನಿಗೆ ಕೈ ಮುಗಿದು, ಒಂದು ಬಾಟಲಿ ಜೇನು ತಗೊಂಡು ತಲಕಾವೇರಿಗೆ ಹೊರಡ್ತೀವಿ. ಈ ನಡುವೆ ಎಲ್ಲರೂ ತಪ್ಪದೆ ಮಾಡೋ ಇನ್ನೊಂದು ಕೆಲಸ ಇದೆ: ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕೋದು.

ನನ್ನ ಹೊಟ್ಟೆಪಾಡೇ ಈ ಸಿಗ್ನಲ್. ಆರ್‌ಎಫ್, ಅಂದರೆ ರೇಡಿಯೋ ಫ್ರೀಕ್ವೆನ್ಸಿ ಸರ್ಕ್ಯೂಟ್‌ಗಳ ವಿನ್ಯಾಸ ನನ್ನ ವೃತ್ತಿ. ಹಾಗಾಗಿ ಸಂಗಮದಲ್ಲಿ ನಿಂತಾಗ ಈ ಹೋಲಿಕೆ ತಾನಾಗಿ ಬರುತ್ತೆ. ನಮ್ಮ ಮಾತು ಊರಿಂದ ಊರಿಗೆ ಹೋಗೋಕೆ ಎರಡು ದಾರಿ ಎಲ್ಲರಿಗೂ ಗೊತ್ತು: ಗಾಳಿಯಲ್ಲಿ ಅಲೆ, ನೆಲದಲ್ಲಿ ಗಾಜಿನ ಎಳೆ. ಮೂರನೆಯದು ಇವೆರಡರ ಮಧ್ಯೆ ಕೂತಿರೋ ಸರ್ಕ್ಯೂಟು. ಅದು ಕಾಣಲ್ಲ, ಅದರ ಚರಿತ್ರೆಯನ್ನೂ ಯಾರೂ ಹೇಳಲ್ಲ. ಆ ಚರಿತ್ರೆಯ ದೊಡ್ಡ ಪಾಲು ನಮ್ಮ ರಾಜ್ಯದಲ್ಲೇ ನಡೆದಿದೆ.

ಮೊದಲು ಲೆಕ್ಕ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್. ಮಧ್ಯೆ ಬೆಟ್ಟವೂ ಇಲ್ಲ, ಮರವೂ ಇಲ್ಲ ಅಂತಲೇ ಇಟ್ಟುಕೊಳ್ಳಿ. 2100 ಮೆಗಾಹರ್ಟ್ಸ್‌ನ ಅಲೆಯನ್ನು ಸುತ್ತಲೂ ಹರಡೋ ಸಾದಾ ಆಂಟೆನಾದಿಂದ ಕಳಿಸಿದರೆ, 40 ಕಿಲೋಮೀಟರ್ ಆಚೆ ಅಂಥದ್ದೇ ಆಂಟೆನಾಕ್ಕೆ ಸಿಗೋದು ಕಳಿಸಿದ ಶಕ್ತಿಯ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದೇ ದೂರಕ್ಕೆ ಗಾಜಿನ ಎಳೆಯಲ್ಲಿ ಬೆಳಕು ಬಿಟ್ಟರೆ ಆರರಲ್ಲಿ ಒಂದು ಪಾಲು ತಲುಪುತ್ತೆ! 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಅನ್ನೋ ಇಬ್ಬರು ಎಂಜಿನಿಯರುಗಳು ಇಂಗ್ಲೆಂಡಿನಲ್ಲಿ ಕೂತು ಬರೆದದ್ದು ಇಷ್ಟೇ: ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವಷ್ಟು ಶುದ್ಧವಾದ ಗಾಜು ಸಿಕ್ಕರೆ ಸಾಕು, ಟೆಲಿಫೋನ್ ಓಡಿಸಬಹುದು. ಇವತ್ತಿನ ಗಾಜಿನಲ್ಲಿ ಅಷ್ಟು ಬೆಳಕು ಕಳೆಯೋಕೆ 100 ಕಿಲೋಮೀಟರ್ ಬೇಕು.

ಹಾಗಾದ್ರೆ ಗಾಜೇ ಸಾಕಲ್ವಾ? ಸಾಲದು. ಗಾಜು ಜೇಬಿನವರೆಗೆ ಬರೋದಿಲ್ಲ. ತೋಟದ ಲೈನ್‌ಮನೆಗೂ ಗದ್ದೆಯ ಬದುವಿಗೂ ಬರೋದು ಅಲೆಯೇ. ಇನ್ನೊಂದು ವಿಷಯ ನಮ್ಮ ಕಾಲೇಜುಗಳಲ್ಲೂ ಒತ್ತಿ ಹೇಳಲ್ಲ: ಫೈಬರ್‌ನ ಎರಡೂ ತುದಿಯಲ್ಲಿ ಕೂತಿರೋದು ರೇಡಿಯೋ ಸರ್ಕ್ಯೂಟಿನ ಅಣ್ಣತಮ್ಮಂದಿರೇ. ಬೆಳಕು ಬಂದು ಒಂದು ಪುಟ್ಟ ಡಯೋಡ್ ಮೇಲೆ ಬಿದ್ದಾಗ ಹುಟ್ಟೋ ಕರೆಂಟು ತೀರಾ ಸಣ್ಣದು, ಅದು ಸೆಕೆಂಡಿಗೆ ನೂರಾರು ಕೋಟಿ ಸಲ ಏರಿಳಿಯುತ್ತೆ. ಅದನ್ನು ಗದ್ದಲ ಸೇರಿಸದೆ ಹಿಗ್ಗಿಸೋ ಕೆಲಸ ಟವರ್ ಮೇಲಿನ ರಿಸೀವರ್ ಕೆಲಸದಷ್ಟೇ ಸೂಕ್ಷ್ಮ. ಈ ವೇಗದಲ್ಲಿ ತಂತಿ ಬರೀ ತಂತಿಯಾಗಿ ಉಳಿಯೋದಿಲ್ಲ. ಬೋರ್ಡ್ ಮೇಲಿನ ತಾಮ್ರದ ಗೆರೆ ಎಷ್ಟು ಅಗಲ, ಎಲ್ಲಿ ಬಾಗುತ್ತೆ ಅನ್ನೋದೂ ಸರ್ಕ್ಯೂಟಿನ ಭಾಗವೇ ಆಗುತ್ತೆ.

ಇದನ್ನೆಲ್ಲ ನಮ್ಮವರು ಯಾವಾಗ ಕಲಿತರು? ಕಥೆ ಮೈಸೂರಿನಿಂದ ಶುರು. 1935ರ ಸೆಪ್ಟೆಂಬರ್‌ನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ರೇಡಿಯೋ ನಿಲಯ ತೆರೆದರು. ಟ್ರಾನ್ಸ್‌ಮಿಟರ್ 30 ವ್ಯಾಟ್‌ನದು. ಇವತ್ತಿನ ಒಂದು ಬಿಎಲ್‌ಡಿಸಿ ಫ್ಯಾನ್ ತಿರುಗೋಕೆ ಬೇಕಾಗುವಷ್ಟು ಶಕ್ತಿ, ಅಷ್ಟೇ. ಅದಕ್ಕೆ ಇಟ್ಟ ‘ಆಕಾಶವಾಣಿ’ ಅನ್ನೋ ಹೆಸರೇ ಮುಂದೆ ಇಡೀ ದೇಶದ ರೇಡಿಯೋ ಹೆಸರಾಯಿತು. ಕೊಡಗಿನ ಮನೆಗಳಲ್ಲಿ ಇವತ್ತೂ ಕೇಳಿಬರೋ ಮಡಿಕೇರಿ ಆಕಾಶವಾಣಿ, 103.1 ಮೆಗಾಹರ್ಟ್ಸ್, ಹೊತ್ತಿರೋದು ಮೈಸೂರಿನ ಆ ಮನೆಯ ಹೆಸರನ್ನೇ. ಹೆಸರು ನಮ್ಮದು, ಹಾಡುವವರು ನಮ್ಮವರು, ಕೇಳುವವರೂ ನಮ್ಮವರು. ಆದರೆ ಆ ಕಾಲದಲ್ಲಿ ರೇಡಿಯೋದ ಜೀವವಾದ ವಾಲ್ವ್‌ಗಳು ಹಡಗಿನಲ್ಲಿ ಬರಬೇಕಿತ್ತು.

ಪೆಟ್ಟಿಗೆಯ ಒಳಗನ್ನು ಅರಿಯೋ ಕೆಲಸ ನಡೆದದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು: ರಾಜೇಶ್ವರಿ ಚಟರ್ಜಿ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಸರ್ಕಾರಿ ಸ್ಕಾಲರ್‌ಶಿಪ್ ಪಡೆದು 1947ರಲ್ಲಿ ಹಡಗು ಹತ್ತಿದರು. ಮಿಶಿಗನ್‌ನಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ, ನಡುವೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ ರೇಡಿಯೋ ಫ್ರೀಕ್ವೆನ್ಸಿ ಅಳತೆಯ ತರಬೇತಿ, ಮತ್ತೆ ಮಿಶಿಗನ್‌ನಲ್ಲಿ ಪಿಎಚ್‌ಡಿ. 1953ರಲ್ಲಿ ವಾಪಸ್ ಬಂದು ಸಂಸ್ಥೆಯ ವಿದ್ಯುತ್ ಸಂವಹನ ವಿಭಾಗ ಸೇರಿದರು. ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಕಟ್ಟಿದ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ದೇಶದ ಮೊದಮೊದಲಿನವುಗಳಲ್ಲಿ ಒಂದು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಇವರನ್ನು ಗುರುತಿಸ್ತಾರೆ. ನಮ್ಮ ಕ್ಷೇತ್ರದವರಿಗೆ ಅದಕ್ಕಿಂತ ದೊಡ್ಡದು ಅವರ ಕೈಯಲ್ಲಿ ತಯಾರಾದ ಜನ: 20 ಪಿಎಚ್‌ಡಿ ವಿದ್ಯಾರ್ಥಿಗಳು, ನೂರಕ್ಕೂ ಹೆಚ್ಚು ಪ್ರಬಂಧಗಳು, ಆಂಟೆನಾ ಮತ್ತು ಮೈಕ್ರೋವೇವ್ ಮೇಲೆ ಪುಸ್ತಕಗಳು. 1982ರಲ್ಲಿ ನಿವೃತ್ತರಾಗಿ, 2010ರಲ್ಲಿ ತೀರಿಕೊಂಡರು. ಬೆಂಗಳೂರಲ್ಲಿ ಆರ್‌ಎಫ್ ಕೆಲಸ ಮಾಡೋ ನಾವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅವರ ಮೊಮ್ಮಕ್ಕಳ ಸಾಲಿನವರು. ಅವರ ಹೆಸರು ಕೇಳಿಲ್ಲದ ಮೊಮ್ಮಕ್ಕಳೇ ಜಾಸ್ತಿ.

ವಿದ್ಯೆ ಬಂತು. ಕಾರ್ಖಾನೆಗಳೂ ಬಂದವು: 1948ರಲ್ಲಿ ದೂರವಾಣಿನಗರದ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್. ಆದರೂ ಹಳ್ಳಿಗೆ ಫೋನ್ ಬರಲಿಲ್ಲ. ಇದಕ್ಕೆ ದುಡ್ಡು ಒಂದು ಕಾರಣ, ಇನ್ನೊಂದು ಕಾರಣ ವಿನ್ಯಾಸ. ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳನ್ನು ರೂಪಿಸಿದ್ದು ದೊಡ್ಡ ಊರಿಗೆ, ಧೂಳಿಲ್ಲದ ಎಸಿ ಕೋಣೆಗೆ. ನಮ್ಮ ಹಳ್ಳಿಯಲ್ಲಿ ಎಸಿ ಇರಲಿ, ಕರೆಂಟೇ ದಿನವಿಡೀ ಇರ್ತಿರಲಿಲ್ಲ.

1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಎಸಿ ಇಲ್ಲದೆ, ಧೂಳಿನಲ್ಲಿ, ಸೆಖೆಯಲ್ಲಿ ಓಡೋ ಎಕ್ಸ್‌ಚೇಂಜ್ ಮಾಡಿದರೆ? ಹಾಗೆ ಹುಟ್ಟಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜಿನಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಕೂತದ್ದು ನಮ್ಮ ಕಿತ್ತೂರಿನಲ್ಲಿ. ಹೌದು, ಚೆನ್ನಮ್ಮನ ಕಿತ್ತೂರು! ಎಸ್‌ಟಿಡಿ ಬೂತಿನ ಹಳದಿ ಬೋರ್ಡು ನೆನಪಿರೋರಿಗೆ ಅದರ ಮುಂದಿನ ಕಥೆ ಗೊತ್ತು. ನನ್ನ ಪ್ರಕಾರ ನಮ್ಮ ಸಂವಹನ ಚರಿತ್ರೆಯ ದೊಡ್ಡ ತಿರುವು ಯಾವುದೋ ಹೊಸ ಚಿಪ್ ಅಲ್ಲ, ಈ ಪ್ರಶ್ನೆಯೇ: ‘ಇದು ಎಲ್ಲಿ ಕೂರುತ್ತೆ?’

ಆಮೇಲಿನ ಚರಿತ್ರೆ ನಿಮ್ಮ ಕಣ್ಣ ಮುಂದೆಯೇ ನಡೆದಿದೆ. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್ ಮೊದಲು ಫೈಬರ್ ಉಪಕರಣ ಮಾಡಿತು, ಆಮೇಲೆ ಟವರಿನ ರೇಡಿಯೋಗೆ ಕೈ ಹಾಕಿತು. 2010ರಲ್ಲಿ ಶುರುವಾದ ಸಿಗ್ನಲ್‌ಚಿಪ್, 2019ರ ಫೆಬ್ರವರಿಯಲ್ಲಿ 4ಜಿ ಮತ್ತು 5ಜಿಗಾಗಿ ಇಲ್ಲೇ ವಿನ್ಯಾಸ ಮಾಡಿದ ಮೋಡೆಮ್ ಹಾಗೂ ಆರ್‌ಎಫ್ ಚಿಪ್‌ಗಳನ್ನು ಹೊರತಂದಿತು. ಆ ಸರಣಿಯ ಹೆಸರು ‘ಆಗುಂಬೆ’. ಮಲೆನಾಡಿನ ಮಳೆಯೂರು ಒಂದು ಚಿಪ್ಪಿಗೆ ಹೆಸರಾಯಿತು. 2025ರ ಸೆಪ್ಟೆಂಬರ್ 27ರಂದು ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ ಉದ್ಘಾಟನೆಯಾಯಿತು. ಅದರ ಕೋರ್ ಸಿ-ಡಾಟ್‌ನದು, ರೇಡಿಯೋ ತೇಜಸ್‌ನದು, ಜೋಡಣೆ ಟಿಸಿಎಸ್‌ನದು. 1935ರಲ್ಲಿ ಹಡಗಿನಲ್ಲಿ ಬರ್ತಿದ್ದ ಪೆಟ್ಟಿಗೆಯ ಒಳಗು, 90 ವರ್ಷದ ಮೇಲೆ ನಮ್ಮದು ಅನ್ನಿಸಿಕೊಳ್ಳೋ ಮಟ್ಟಕ್ಕೆ ಬಂತು.

ಇಲ್ಲಿಗೆ ಮುಗಿಸಿ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಭಾಗಮಂಡಲ ಬಿಡಲ್ಲ.

ಇಲ್ಲೊಂದು ಮಾತಿದೆ: ‘ಮಳೆ ಬಂದ್ರೆ ಸಿಗ್ನಲ್ ಹೋಗುತ್ತೆ.’ ಮಾತು ನಿಜ, ಕಾರಣ ಬೇರೆ. ಫೋನ್ ಬಳಸೋ 700ರಿಂದ 2100 ಮೆಗಾಹರ್ಟ್ಸ್ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಮಳೆ ಕಾಡೋದು ಬೇರೆ ಕಡೆ. ಫೈಬರ್ ಇಲ್ಲದ ಟವರುಗಳು ಒಂದಕ್ಕೊಂದು ಮೈಕ್ರೋವೇವ್‌ನಲ್ಲಿ ಮಾತಾಡ್ತವೆ. 10 ಗಿಗಾಹರ್ಟ್ಸ್ ದಾಟಿದ ಆ ಅಲೆಯನ್ನು ಜೋರು ಮಳೆ ಹೀರಿ, ಚದುರಿಸಿ ಹಾಕುತ್ತೆ. ಮಣ್ಣು ಕುಸಿದರೆ, ಮರ ಉರುಳಿದರೆ ಫೈಬರ್ ತುಂಡಾಗುತ್ತೆ. ಕನೆಕ್ಟರ್ ಒಳಗೆ ಒಂದು ಹನಿ ನೀರು ಇಳಿದರೂ ಆಂಟೆನಾಕ್ಕೆ ಹೋಗಬೇಕಾದ ಶಕ್ತಿ ವಾಪಸ್ ಆಂಪ್ಲಿಫೈಯರ್‌ಗೇ ತಿರುಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟ್ ಹೋಗುತ್ತೆ. ಬ್ಯಾಟರಿ ಇರೋವರೆಗೆ ಟವರ್, ಆಮೇಲೆ ಅದು ಬರೀ ಕಬ್ಬಿಣದ ಕಂಬ.

2020ರ ಆಗಸ್ಟ್ 6 ನೆನಪು ಮಾಡಿಕೊಳ್ಳಿ. ತಲಕಾವೇರಿಯ ಬೆಟ್ಟ ಕುಸಿದು ಪ್ರಧಾನ ಅರ್ಚಕರ ಮನೆ ಕೊಚ್ಚಿಹೋಯಿತು. ಕೆಳಗೆ ಭಾಗಮಂಡಲ ನೀರಿನಲ್ಲಿ ನಿಂತಿತ್ತು. ಅಂಥ ರಾತ್ರಿಗಳಲ್ಲಿ ಫೋನ್ ಮಾಡೋದು ರೀಲ್ಸ್ ನೋಡೋಕಲ್ಲ. ಪಕ್ಕದ ಮನೆಯವರು ಇದ್ದಾರಾ ಅಂತ ಕೇಳೋಕೆ.

ಇಲ್ಲೇ ಸರ್ಕ್ಯೂಟಿನ ವಿಷಯ ಜೀವದ ವಿಷಯ ಆಗೋದು. ಟವರ್ ರೇಡಿಯೋದಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನೋದು ಪವರ್ ಆಂಪ್ಲಿಫೈಯರ್. ಅದಕ್ಕೆ ಕೊಟ್ಟದ್ದರಲ್ಲಿ ಅರ್ಧದಷ್ಟು ಬರೀ ಬಿಸಿಯಾಗಿ ಹೋಗುತ್ತೆ. ಆ ವ್ಯರ್ಥ ತಗ್ಗಿಸಿದಷ್ಟೂ ಅದೇ ಬ್ಯಾಟರಿಯಲ್ಲಿ ಟವರ್ ಇನ್ನಷ್ಟು ಹೊತ್ತು ನಿಲ್ಲುತ್ತೆ. ಲ್ಯಾಬಿನಲ್ಲಿ ನಾವು ಶೇಕಡಾ ಒಂದೆರಡು ಅಂಕಕ್ಕೆ ವಾರಗಟ್ಟಲೆ ಗುದ್ದಾಡೋದನ್ನು ನೋಡಿದವರಿಗೆ ಅದು ಹುಚ್ಚು ಅನ್ನಿಸುತ್ತೆ. ಕುಸಿದ ಗುಡ್ಡದ ಬುಡದಲ್ಲಿ ಆ ಒಂದೆರಡು ಅಂಕ ಇನ್ನೊಂದಿಷ್ಟು ನಿಮಿಷದ ಮಾತು.

ಲ್ಯಾಬಿನಲ್ಲಿ ಯಾವಾಗಲೂ 25 ಡಿಗ್ರಿ, ಮೇಜು ಒಣಗಿರುತ್ತೆ, ಕರೆಂಟ್ ಹೋಗಲ್ಲ. ಹೊರದೇಶದ ಎಸಿ ಕೋಣೆಗೆ ಮಾಡಿದ ಎಕ್ಸ್‌ಚೇಂಜನ್ನು ನಾವು ಟೀಕಿಸಿದ್ವಿ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ಬೆಂಗಳೂರಿಗಷ್ಟೇ ಸರಿಹೋಗೋ ರೇಡಿಯೋ ಮಾಡಿದರೆ ಅದೇ ಟೀಕೆ ನಮಗೂ ಬರುತ್ತೆ. ಚಿಪ್ಪಿಗೆ ಆಗುಂಬೆ ಅಂತ ಹೆಸರಿಟ್ಟದ್ದು ನನಗೆ ಖುಷಿ. ಇನ್ನು ಆ ಚಿಪ್ಪು ಕೂರೋ ಪೆಟ್ಟಿಗೆ, ಅದರ ಕನೆಕ್ಟರು, ಅದರ ಬ್ಯಾಟರಿ ಎಲ್ಲವೂ ಆಗುಂಬೆಯ, ಭಾಗಮಂಡಲದ ಒಂದು ಇಡೀ ಮಳೆಗಾಲವನ್ನು ಹೊರಗೆ ನಿಂತು ಕಳೆಯಬೇಕು. ಕಿತ್ತೂರಿಗೆ ಕೇಳಿದ ಪ್ರಶ್ನೆಯನ್ನು ಪ್ರತಿ ಹೊಸ ವಿನ್ಯಾಸದ ಮೊದಲ ಪುಟದಲ್ಲಿ ಮತ್ತೆ ಬರೆಯೋಣ: ಇದು ಎಲ್ಲಿ ಕೂರುತ್ತೆ, ಅಲ್ಲಿ ಆಗಸ್ಟ್‌ನಲ್ಲಿ ಏನಾಗುತ್ತೆ?